ಅವ್ವನ ಕಡೆಯಿಂದ ಬಂದ ದಣಿವು

ನ್ಯೂಜೆರ್ಸಿಯ ಮೆಟುಚೆನ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನಾನು ಅರ್ಧದಲ್ಲಿ ನಿಂತು, ಫೋನ್ ನೋಡುವವಳಂತೆ ನಟಿಸುತ್ತಿದ್ದೆ. ಹಿಂದಿನಿಂದ ಬರುವವರು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಮೇಲೆ ಮ್ಯಾನ್‌ಹ್ಯಾಟನ್‌ಗೆ ಹೋಗುವ ರೈಲು ಬಂದ ಸದ್ದು ಕೇಳಿದರೂ ನನ್ನ ತೊಡೆಗಳು ಮುಂದಿನ ಮೆಟ್ಟಿಲಿಗೆ ಒಪ್ಪುತ್ತಿರಲಿಲ್ಲ. ನೋವಲ್ಲ ಅದು. ಕಾಲಿನೊಳಗೆ ಏನೋ ಮುಗಿದುಹೋದ ಹಾಗೆ. ಸ್ವಲ್ಪ ಹೊತ್ತು ನಿಂತರೆ ಎಲ್ಲಿಂದಲೋ ಮತ್ತೆ ಬಂದು ತುಂಬಿಕೊಳ್ಳುತ್ತಿತ್ತು, ನಾನು ಮತ್ತೆ ಹತ್ತುತ್ತಿದ್ದೆ. ಆ ರೈಲು ತಪ್ಪಿದರೆ ಮುಂದಿನದು. ನನ್ನ ಕೆಲಸ ಕಟ್ಟಡಗಳ ನಕ್ಷೆ ತಯಾರಿಸುವ ಕಚೇರಿಯಲ್ಲಿ. ಬೇರೆಯವರು ಹತ್ತಬೇಕಾದ ಮೆಟ್ಟಿಲುಗಳ ಎತ್ತರ, ಅಗಲಗಳನ್ನು ಇಡೀ ದಿನ ಕಂಪ್ಯೂಟರಿನಲ್ಲಿ ಗುರುತಿಸುವವಳು ನಾನು. ಜೊತೆಯವರಿಗೆ ಹೇಳಿಕೊಂಡು ನಗಬಹುದಿತ್ತು. ಹೇಳಲಿಲ್ಲ.

ದಣಿವಾಗುತ್ತದೆ ಎಂದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಎಲ್ಲರೂ ದಣಿದವರೇ. ನಮ್ಮ ಡಾಕ್ಟರು ಥೈರಾಯ್ಡ್ ನೋಡಿದರು, ರಕ್ತದಲ್ಲಿ ಕಬ್ಬಿಣದ ಅಂಶ ನೋಡಿದರು, ವಿಟಮಿನ್ ಡಿ ಬರೆದುಕೊಟ್ಟರು. ಎಲ್ಲವೂ ಸರಿಯಾಗಿಯೇ ಇತ್ತು. ಇನ್ನೊಬ್ಬರು ಸ್ಟ್ರೆಸ್ ಅಂದರು. ಮತ್ತೊಬ್ಬರು ನಾನು ಮನಸ್ಸಿನಲ್ಲಿ ಏನನ್ನೋ ಬಚ್ಚಿಟ್ಟುಕೊಂಡಿರಬೇಕೆಂದು ಬಹಳ ಮೃದುವಾಗಿ ಮಾತಾಡಿಸಿದರು. ಯುಗಾದಿಗೆ ಪಕ್ಕದ ಊರಾದ ಎಡಿಸನ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದಾಗ, ನಾನು ಎಲೆ ಹಾಕುವುದನ್ನು ಬಿಟ್ಟು ಕುರ್ಚಿಯಲ್ಲಿ ಕೂತದ್ದನ್ನು ನೋಡಿ ಒಬ್ಬ ಆಂಟಿ ಪಕ್ಕಕ್ಕೆ ಬಂದು ಕೂತರು.

"ನೋಡಮ್ಮಾ, ದಿನಾ ಬೆಳಗ್ಗೆ ಎದ್ದು ಒಂದು ವಾಕ್ ಹೋಗು. ಈ ದೇಶದಲ್ಲಿ ಎಲ್ಲಾ ಕಡೆ ಡ್ರೈವ್ ಮಾಡಿ ಮಾಡಿ ನಮಗೆ ಕಾಲಿದೆ ಅನ್ನೋದೇ ಮರ್ತುಹೋಗಿದೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಾನು ವಾಕ್ ಹೋದೆ. ನಮ್ಮ ಬೀದಿಯ ತುದಿಗೆ ಹೋಗುವಷ್ಟರಲ್ಲಿ ಯಾರದೋ ಮನೆಯ ಮುಂದಿನ ಗಿಡ್ಡ ಕಲ್ಲುಗೋಡೆಯ ಮೇಲೆ ಕೂತುಬಿಟ್ಟೆ. ಆ ಮನೆಯಾಕೆ ಹೊರಗೆ ಬಂದು ನೀರಿನ ಬಾಟಲಿ ಕೊಟ್ಟು, ನಾನು ಏಳುವತನಕ ತಮ್ಮ ಗುಲಾಬಿ ಗಿಡಗಳ ಬಗ್ಗೆ ಮಾತಾಡುತ್ತ ನಿಂತಿದ್ದರು. ಏನಾಯಿತು ಎಂದು ಕೇಳಲೇ ಇಲ್ಲ. ಅವರ ಆ ಸೂಕ್ಷ್ಮವನ್ನು ನಾನು ಮರೆತಿಲ್ಲ.

ನನ್ನ ಗಂಡ ಮೈಸೂರಿನ ಕಡೆಯವರು, ಮಾತು ಕಡಿಮೆ. ನಾನು ಒಂದು ಕೈಯನ್ನು ಅಡುಗೆ ಕಟ್ಟೆಗೆ ಊರಿ, ಇನ್ನೊಂದು ಕೈಯಲ್ಲಿ ಸಾರು ತಿರುಗಿಸುವುದನ್ನು ಅವರು ಎಷ್ಟು ದಿನದಿಂದ ಗಮನಿಸಿದ್ದರೋ ಗೊತ್ತಿಲ್ಲ. ಒಂದು ಶನಿವಾರ ಎತ್ತರದ ಸ್ಟೂಲ್ ತಂದು ಒಲೆಯ ಪಕ್ಕದಲ್ಲಿಟ್ಟರು.

"ಇದ್ಯಾಕೆ?" ಎಂದೆ.

"ಕೂತ್ಕೊಂಡು ಮಾಡಿದ್ರೂ ಸಾರು ಸಾರೇ ಕಣೇ," ಎಂದರು.

ಅಷ್ಟೇ. ಕಾಯಿಲೆಯೋ ಸೋಮಾರಿತನವೋ ಎಂಬ ವಿಚಾರಣೆ ನಮ್ಮ ಮನೆಯಲ್ಲಿ ಒಂದು ದಿನವೂ ನಡೆಯಲಿಲ್ಲ. ಆಸ್ಪತ್ರೆಯ ಯಾವ ಯಂತ್ರವೂ ಹಿಡಿಯದಿದ್ದ ನನ್ನ ದಣಿವನ್ನು ಮೊದಲು ನಂಬಿದವರು ಅವರು.

ಅದಕ್ಕೊಂದು ಹೆಸರು ಸಿಕ್ಕಿದ್ದು ಮಾತ್ರ ಕನ್ನಡಕದ ಅಂಗಡಿಯಲ್ಲಿ. ಓದುವಾಗ ಸಾಲುಗಳ ಮೇಲ್ಭಾಗ ಮುಚ್ಚಿಕೊಂಡಂತೆ ಕಾಣುತ್ತಿತ್ತು, ನಂಬರ್ ಬದಲಾಗಿರಬೇಕೆಂದು ಹೋಗಿದ್ದೆ. ಅಲ್ಲಿ ಕಣ್ಣು ಪರೀಕ್ಷಿಸುವ ವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು. ನಂಬರ್ ಸರಿಯಾಗಿಯೇ ಇದೆ ಎಂದರು. ಆಮೇಲೆ, ಗದ್ದ ಎತ್ತದೆ ಚಾವಣಿ ನೋಡಿ ಎಂದರು. ನೋಡಿದೆ. ಇಲ್ಲ, ಗದ್ದ ಎತ್ತಬೇಡಿ ಎಂದರು. ಎತ್ತಿದ್ದೇನೆಂದು ನನಗೆ ತಿಳಿದೇ ಇರಲಿಲ್ಲ. ಅವರು ಒಂದು ಬೆರಳಿನಿಂದ ನನ್ನ ಗದ್ದವನ್ನು ಮೆಲ್ಲಗೆ ಒತ್ತಿ ಹಿಡಿದರು. ಕಣ್ಣುಗುಡ್ಡೆಗಳು ಮೇಲೆ ಹೋಗಲೇ ಇಲ್ಲ. ನನ್ನ ಡ್ರೈವರ್ ಲೈಸೆನ್ಸ್ ತೆಗೆಸಿ, ಅದರಲ್ಲಿದ್ದ ಹಳೆಯ ಫೋಟೊವನ್ನೂ ನನ್ನ ಮುಖವನ್ನೂ ಹೋಲಿಸಿದರು. ರೆಪ್ಪೆಗಳು ಇಳಿದಿದ್ದವು.

ದಣಿವಾಗುತ್ತದೆಯೇ ಎಂದು ಕೇಳಿದರು. ಸ್ವಲ್ಪ ಎಂದೆ. ಅವರು ಅಲ್ಲಿಗೆ ಬಿಡಲಿಲ್ಲ. "ಹೇಗೆ ದಣಿವಾಗುತ್ತದೆ? ನನಗೆ ಬಿಡಿಸಿ ಹೇಳಿ," ಎಂದರು.

ಎಷ್ಟು ದಣಿವು ಎಂದು ಬಹಳ ಜನ ಕೇಳಿದ್ದರು. ಯಾಕೆ ಎಂದು ಕೇಳಿದವರೂ ಇದ್ದರು. ಹೇಗೆ ಎಂದು ಕೇಳಿದವರು ಇವರೊಬ್ಬರೇ. ನಾನು ಸ್ಟೇಷನ್ನಿನ ಮೆಟ್ಟಿಲಿನ ಕಥೆ ಶುರು ಮಾಡಿ, ಮಧ್ಯದಲ್ಲಿ ಅಳತೊಡಗಿದೆ. ಅವರು ಟಿಶ್ಯೂ ಕೊಟ್ಟು, ಹೊರಗೆ ಕಾಯುತ್ತಿದ್ದವರಿಗೆ ತಡವಾಗುತ್ತದೆಂದು ಹೇಳಿ ಬಂದು, ಪೂರ್ತಿ ಕೇಳಿದರು. ಆಮೇಲೆ ನ್ಯೂಯಾರ್ಕಿನ ಒಬ್ಬ ನರರೋಗ ವೈದ್ಯರ ಕಚೇರಿಗೆ ತಾವೇ ಫೋನ್ ಮಾಡಿ ನನ್ನ ಅಪಾಯಿಂಟ್‌ಮೆಂಟ್ ಗೊತ್ತುಮಾಡಿದರು. ಕನ್ನಡಕ ಮಾರಲಿಲ್ಲ.

ಆ ನರರೋಗ ವೈದ್ಯರು ವಯಸ್ಸಾದವರು, ಮೆಲುದನಿಯವರು. ನನ್ನನ್ನು ನಿಂತಲ್ಲೇ ನಿಲ್ಲುವ ಸೈಕಲ್ ಮೇಲೆ ಕೂರಿಸಿ ತುಳಿಸಿ ರಕ್ತ ತೆಗೆಸಿದರು. ದುಡಿದ ಸ್ನಾಯು ಬಿಡುವ ಲ್ಯಾಕ್ಟಿಕ್ ಆಮ್ಲ ಅಷ್ಟು ಸಣ್ಣ ಶ್ರಮಕ್ಕೆ ಏರಬಾರದಷ್ಟು ಏರಿತ್ತು. ತೊಡೆಯಿಂದ ಒಂದು ಚೂರು ಸ್ನಾಯು ತೆಗೆದು ನೋಡಬೇಕೆಂದರು. ಚಿಕ್ಕ ಶಸ್ತ್ರಚಿಕಿತ್ಸೆ, ಆದರೂ ಸುದ್ದಿ ಕೇಳಿದ ಅವ್ವ ಧಾರವಾಡದಿಂದ ಹೊರಟು ಬಂದಳು. ವೀಸಾ ಮೊದಲೇ ಇತ್ತು. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವಳು, ನನ್ನ ತಮ್ಮನ ಸಂಸಾರದ ಜೊತೆ ಇರುವವಳು. ನ್ಯೂವರ್ಕ್ ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಯಲ್ಲಿ ಕೂತು ಹೊರಗೆ ಬಂದಳು. ನಮ್ಮನ್ನು ನೋಡಿದ ಕೂಡಲೇ, "ನಡೀಲಿಕ್ಕೆ ಬರತೈತಿ ನನಗ, ಇವರ ಸುಮ್ನ ಕುಂಡ್ರಿಸಿದ್ರು," ಎಂದು ಅಪರಾಧಿಯಂತೆ ಹೇಳಿ ಎದ್ದು ನಿಂತಳು.

ಫಲಿತಾಂಶ ಹೇಳುವ ದಿನ ಅವ್ವನೂ ಜೊತೆಗೆ ಬಂದಳು. ವೈದ್ಯರು ಪರದೆಯ ಮೇಲೆ ನನ್ನ ಸ್ನಾಯುವಿನ ಚಿತ್ರ ತೋರಿಸಿದರು. ಕೆಲವು ಎಳೆಗಳ ಅಂಚಿನಲ್ಲಿ ಹರಿದ ಬಟ್ಟೆಯಂತೆ ಕೆಂಪು ಬಣ್ಣ ಗುಡ್ಡೆಯಾಗಿತ್ತು. ಜೀವಕೋಶಗಳೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ತಮ್ಮ ಕೊರತೆಯನ್ನು ತುಂಬಿಕೊಳ್ಳಲೆಂದು ಅಲ್ಲಿ ಸಂಖ್ಯೆಯಲ್ಲಿ ಹೆಚ್ಚಿ ಗುಂಪುಗೂಡಿವೆ ಎಂದರು. ಅವುಗಳಲ್ಲಿ ಎಲ್ಲವೂ ಕೆಟ್ಟಿಲ್ಲ, ಒಳ್ಳೆಯವೂ ಕೆಟ್ಟವೂ ಬೆರೆತಿವೆ. ಉಂಡ ಅನ್ನವನ್ನೂ ಎಳೆದುಕೊಂಡ ಉಸಿರನ್ನೂ ಸೇರಿಸಿ ಶಕ್ತಿ ಮಾಡುವ ಕೊನೆಯ ಹಂತದಲ್ಲಿ ನನ್ನ ಮೈ ಎಡವುತ್ತಿದೆ. ಅದಕ್ಕೇ ಬಲ ಅಷ್ಟು ಬೇಗ ಮುಗಿಯುತ್ತದೆ, ಕೂತರೆ ನಿಧಾನವಾಗಿ ಮತ್ತೆ ತುಂಬುತ್ತದೆ. ಕಣ್ಣಿನ ಸ್ನಾಯುಗಳು ಬಿಡುವಿಲ್ಲದೆ ದುಡಿಯುವಂಥವು, ಅವು ಮೊದಲು ಸೋಲುತ್ತವೆ.

ಆಮೇಲೆ ಅವರು ಅವ್ವನ ಕಡೆ ತಿರುಗಿದರು. ನನ್ನಲ್ಲಿ ಕಂಡಂಥ ಈ ದೋಷ ತಾಯಿಯಿಂದ ಮಕ್ಕಳಿಗೆ ಬರುವಂಥದ್ದು, ತಂದೆಯ ಮೈಟೊಕಾಂಡ್ರಿಯ ಮಗುವಿಗೆ ದಾಟುವುದಿಲ್ಲ ಎಂದು ವಿವರಿಸಿ, "ನಿಮ್ಮ ತಾಯಿಗೆ ಮೆಟ್ಟಿಲು ಹತ್ತುವಾಗ ಹೀಗಾಗುತ್ತದೆಯೇ, ಕೇಳಿ," ಎಂದರು. ಕೇಳಿದೆ.

ಅವ್ವ ಸೆರಗು ಸರಿಮಾಡಿಕೊಂಡಳು. "ಆಗತೈತಿ. ಎಲ್ಲಾರಿಗೂ ಆಗತೈತಲ್ಲ?"

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ವೈದ್ಯರು ಅವ್ವನನ್ನೇ ನೋಡುತ್ತ ನಿಧಾನವಾಗಿ ತಲೆಯಾಡಿಸಿದರು. "ಇಲ್ಲ, ಎಲ್ಲರಿಗೂ ಹೀಗಾಗುವುದಿಲ್ಲ."

"ಮತ್ತ ಮಂದಿ ಹೆಂಗ ಹತ್ತತಾರ?" ಎಂದು ಅವ್ವ ನನ್ನನ್ನು ಕೇಳಿದಳು.

"ಸುಮ್ನ ಹತ್ತಿ ಹೋಗತಾರವ್ವ," ಎಂದೆ. "ಅವರಿಗೆ ಗೊತ್ತ ಆಗಂಗಿಲ್ಲ."

ಅವ್ವ ನನ್ನ ಮುಖ ನೋಡಿದಳು, ನಾನು ಏನೋ ತಮಾಷೆ ಮಾಡುತ್ತಿದ್ದೇನೆಂಬಂತೆ. ವೈದ್ಯರು ಎದ್ದು ಬಂದು ಅವಳ ಎದುರು ಬಗ್ಗಿ ನಿಂತು, ಒಂದು ಬೆರಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರು. ಬೆರಳು ಮೇಲೆ ಹೋದಾಗಲೆಲ್ಲ ಅವ್ವನ ಗದ್ದ ಮೇಲೆ ಹೋಯಿತು, ಕಣ್ಣು ಹೋಗಲಿಲ್ಲ.

ಅವ್ವ ತನ್ನ ನೌಕರಿಯುದ್ದಕ್ಕೂ ಪ್ರತಿ ಜೂನಿನಲ್ಲಿ ಹೆಡ್ ಮಾಸ್ತರರ ಮುಂದೆ ನಿಂತು ಕೆಳಗಿನ ಮಹಡಿಯ ಕ್ಲಾಸೇ ಬೇಕೆಂದು ಬೇಡಿದವಳು. ಕುರ್ಚಿಯಲ್ಲಿ ಕೂತೇ ಪಾಠ ಮಾಡುವ ಟೀಚರ್ ಎಂದು ಅವಳ ಮೇಲೆ ದೂರು ಹೋಗುತ್ತಿತ್ತು. ಗದ್ದ ಎತ್ತಿ ನೋಡುವುದಕ್ಕೆ ಸೊಕ್ಕು ಎನ್ನುತ್ತಿದ್ದರು. ಸಂಕ್ರಾಂತಿಗೆ ನೆಂಟರೆಲ್ಲ ಸೇರಿದಾಗ ರೊಟ್ಟಿ ಬಡಿಯುತ್ತ ಬಡಿಯುತ್ತ ಅವಳ ಕೈ ಹಿಟ್ಟಿನ ಮೇಲೆ ಹಾಗೇ ನಿಂತುಬಿಡುತ್ತಿತ್ತು. ನಮ್ಮಪ್ಪನ ತಾಯಿ ಎಲ್ಲರಿಗೂ ಕೇಳುವಂತೆ, "ಮೈಗಳ್ಳಿ, ನೆಪ ತಗದ್ಲು ನೋಡ್ರಿ," ಎನ್ನುತ್ತಿದ್ದಳು. ಕೈಗೆ ಮತ್ತೆ ಬಲ ಬಂದ ಮೇಲೆ ಅವ್ವ ಬಡಿಯುತ್ತಿದ್ದಳು. ಸೋಮವಾರದ ಉಪವಾಸದ ದಿನ ಸಂಜೆ ವಾಂತಿ ಮಾಡಿಕೊಂಡು ಗೋಡೆಗೆ ಆತು ಕೂತಿರುತ್ತಿದ್ದಳು. ಮಾರನೆಯ ವಾರ ಮತ್ತೆ ಉಪವಾಸ.

ವಾಪಸ್ ಬರುವಾಗ ನನ್ನ ಗಂಡ ಡ್ರೈವ್ ಮಾಡುತ್ತಿದ್ದರು. ಅವ್ವ ಹಿಂದಿನ ಸೀಟಿನಲ್ಲಿ ಕೂತಿದ್ದಳು. ನದಿಯಡಿಯ ಸುರಂಗ ದಾಟಿ ಟರ್ನ್‌ಪೈಕ್ ಹೆದ್ದಾರಿ ಹಿಡಿದೆವು. ಎಣ್ಣೆ ಶುದ್ಧೀಕರಣ ಘಟಕದ ದೊಡ್ಡ ದೊಡ್ಡ ಟ್ಯಾಂಕುಗಳು ಕಿಟಕಿಯ ಹೊರಗೆ ಹಾದುಹೋಗುತ್ತಿದ್ದಾಗ ಒಮ್ಮೆಲೇ ಕೇಳಿದಳು:

"ಅಂದ್ರ ನಾ ಮೈಗಳ್ಳಿ ಅಲ್ಲ ಅನ್ನು."

"ಅಲ್ಲವ್ವ."

"ಡಾಕ್ಟರ್ ಹಂಗ ಅಂದ್ರೇನು?"

"ಹಂಗ ಅಂದ್ರು."

ನನ್ನ ಗಂಡ ಕನ್ನಡಿಯಲ್ಲಿ ನೋಡಿ, "ಅತ್ತೆ, ನೀವು ಅಷ್ಟು ವರ್ಷ ಕೆಲಸ ಮಾಡಿದ್ದೀರಲ್ಲ, ಬೇರೆಯವರು ನಿಮ್ಮ ಮೈಯಲ್ಲಿದ್ದಿದ್ರೆ ಒಂದು ವಾರಕ್ಕೇ ರಾಜೀನಾಮೆ ಕೊಡ್ತಿದ್ರು," ಎಂದರು. ಅವ್ವ ಕಿಟಕಿಯ ಕಡೆ ತಿರುಗಿಕೊಂಡಳು. ಅತ್ತಳೋ ನಕ್ಕಳೋ ನನಗೆ ಕಾಣಲಿಲ್ಲ, ಭುಜ ಮಾತ್ರ ಅಲುಗಾಡುತ್ತಿತ್ತು.

ನಮ್ಮ ಮಗಳು ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದಾಳೆ, ವಾರದ ಕೊನೆಗೆ ರೈಲು ಹಿಡಿದು ಮನೆಗೆ ಬರುತ್ತಾಳೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಅಜ್ಜಿಯ ಎದುರು ಮಾತ್ರ ಪಾಪ ಬಹಳ ಒದ್ದಾಡಿ ಕನ್ನಡ ಆಡುತ್ತಾಳೆ. ಆ ಶನಿವಾರ ಊಟದ ಮೇಜಿನ ಮೇಲೆ ಬಿಳಿ ಹಾಳೆ ಹರಡಿ ಅಜ್ಜಿಗೆ ಪಾಠ ಶುರುಮಾಡಿದಳು.

"ಅಜ್ಜಿ, ಸೋ, ನೀವು ತಿಂದ ರೊಟ್ಟಿ ಇದೆಯಲ್ಲ, ಅದ್ರಿಂದ ಎಲೆಕ್ಟ್ರಾನ್ಸ್ ಬರತ್ತೆ. ಲೈಕ್, ತುಂಬಾ ತುಂಬಾ ಚಿಕ್ಕದು. ಮೈಟೊಕಾಂಡ್ರಿಯ ಒಳಗಡೆ ಒಂದು ಪ್ರೋಟೀನ್ ಅದನ್ನ ತಗೊಂಡು ನೆಕ್ಸ್ಟ್ ಪ್ರೋಟೀನ್‌ಗೆ ಕೊಡತ್ತೆ. ಅದು ಇನ್ನೊಂದಕ್ಕೆ. ಲೈನಲ್ಲಿ ನಿಂತ್ಕೊಂಡು."

"ಟ್ಯಾಂಕರ್ ಬಂದಾಗ ಕೊಡಾ ದಾಟಿಸಿದಂಗ," ಎಂದಳು ಅವ್ವ. ನಲ್ಲಿಯಲ್ಲಿ ನೀರು ಬಾರದ ಬೇಸಿಗೆಗಳಲ್ಲಿ ನಮ್ಮ ಓಣಿಯವರೆಲ್ಲ ಸಾಲಾಗಿ ನಿಂತು ಒಬ್ಬರ ಕೈಯಿಂದ ಒಬ್ಬರ ಕೈಗೆ ಕೊಡ ದಾಟಿಸುತ್ತಿದ್ದದ್ದು ನನಗೂ ನೆನಪಾಯಿತು.

ಮಗಳಿಗೆ ಟ್ಯಾಂಕರ್ ಅಂದರೇನು ಎಂದು ನಾನು ಹೇಳಬೇಕಾಯಿತು. "ಎಕ್ಸಾಕ್ಟ್ಲಿ!" ಎಂದಳು. "ಲಾಸ್ಟಲ್ಲಿ ನಿಂತ್ಕೊಂಡಿರೋದು ಯಾರು ಗೊತ್ತಾ? ಆಕ್ಸಿಜನ್. ಅದು ತಗೊಳ್ಳಿಲ್ಲ ಅಂದ್ರೆ ಇಡೀ ಲೈನ್ ಸ್ಟಾಪ್. ನಾವು ಉಸಿರಾಡೋದು ಅದಕ್ಕೇ ಅಜ್ಜಿ. ಆಮೇಲೆ ಆ ಆಕ್ಸಿಜನ್ ನೀರಾಗತ್ತೆ."

"ಉಸಿರು ನೀರ ಆಗತೈತಿ?"

"ಯಾ! ನಿಮ್ಮ ಒಳಗೇ."

ಅವ್ವ ತನ್ನ ಅಂಗೈಯನ್ನು ಮುಖದ ಮುಂದೆ ಹಿಡಿದು ಉಸಿರು ಬಿಟ್ಟು ನೋಡಿಕೊಂಡಳು. ಮಗಳು ಉಳಿದದ್ದನ್ನು ಹಾಳೆಯ ಮೇಲೆ ಬರೆದು ತೋರಿಸಿದಳು. ಎಲೆಕ್ಟ್ರಾನ್ ಕೈ ದಾಟುವಾಗ ಸಿಗುವ ಬಲದಿಂದ ಪ್ರೋಟಾನುಗಳನ್ನು ಒಂದು ತೆಳು ಪೊರೆಯ ಆಚೆಗೆ ನೂಕಲಾಗುತ್ತದೆ. ಆಚೆ ಒತ್ತೊತ್ತಾಗಿ ತುಂಬಿದ ಪ್ರೋಟಾನುಗಳು ಈಚೆಗೆ ಮರಳಿ ಬರಲು ಇರುವ ದಾರಿಯಲ್ಲಿ ಗಿರಗಿರನೆ ತಿರುಗುವ ಪುಟ್ಟ ಚಕ್ರವೊಂದಿದೆ. ಅದು ತಿರುಗಿದಾಗ, ಸ್ನಾಯು ಮಡಚಲು, ರೆಪ್ಪೆ ಎತ್ತಲು ಬೇಕಾದ ಶಕ್ತಿಯ ಅಣು ತಯಾರಾಗುತ್ತದೆ.

"ಅಂದ್ರ ನಮ್ಮ ಸಾಲಿನ್ಯಾಗ ನಡುವ ನಿಂತ ಮಂದಿ ಕೈ ಸೋತಾರ," ಎಂದಳು ಅವ್ವ.

"ಸಮ್ ಆಫ್ ದೆಮ್. ನಾಟ್ ಆಲ್, ಅಜ್ಜಿ."

ನಾನು ಒಲೆಯ ಹತ್ತಿರ ಕೂತು ಇದನ್ನೆಲ್ಲ ಕೇಳುತ್ತಿದ್ದೆ. ಶಾಲೆಯಲ್ಲಿ ನಾನೂ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಉಸಿರು ಯಾತಕ್ಕೆ ಎಂದು ಯೋಚಿಸಿದವಳಲ್ಲ. ನಾನು ನಿದ್ದೆಯಲ್ಲಿದ್ದಾಗಲೂ, ಸಿಟ್ಟಿನಲ್ಲಿ ನನ್ನ ಕಾಲನ್ನು ನಾನೇ ಬೈದುಕೊಂಡಾಗಲೂ, ಆ ಅರ್ಧಂಬರ್ಧ ಸೋತ ಸಾಲು ಕೆಲಸ ನಿಲ್ಲಿಸಿರಲಿಲ್ಲ. ಸ್ಟೇಷನ್ನಿನ ಮೆಟ್ಟಿಲಿನ ಮೇಲೆ ನಿಂತಾಗ ಎಲ್ಲಿಂದಲೋ ಬಂದು ತುಂಬಿಕೊಳ್ಳುತ್ತಿದ್ದದ್ದು ಅದೇ. ಸಾರು ಕುದಿಯುತ್ತಿತ್ತು. ನನಗೆ ನನ್ನ ಮೈಯ ಮೇಲೆ ಮೊದಲ ಬಾರಿಗೆ ಕರುಣೆ ಬಂತು, ಅದಕ್ಕಿಂತ ಹೆಚ್ಚಾಗಿ ಗೌರವ.

ಅವ್ವನ ಸಮಾಧಾನ ಒಂದು ರಾತ್ರಿ ಮಾತ್ರ ಉಳಿಯಿತು. ಮಾರನೆಯ ಬೆಳಿಗ್ಗೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತವಳು ತಲೆ ಎತ್ತದೆ ಹೇಳಿದಳು. "ನನ್ನಿಂದನ ಬಂತಲ್ಲ ನಿನಗ. ಬಂಗಾರ ಕೊಡಲಿಲ್ಲ, ಏನ ಕೊಡಲಿಲ್ಲ. ಇದನ್ನ ಕೊಟ್ಟೆ."

ಪಕ್ಕದಲ್ಲಿ ಕೂತು ನಾನೂ ಒಂದು ಕಟ್ಟು ಸೊಪ್ಪು ತೆಗೆದುಕೊಂಡೆ. ಆಮೇಲೆ ವೈದ್ಯರೂ ಮಗಳೂ ಹೇಳಿದ್ದು ನೆನಪಾಯಿತು. "ಅವ್ವ, ಕೆಟ್ಟಿದ್ದು ಅಷ್ಟ ಅಲ್ಲ, ಛಲೋ ಇದ್ದದ್ದೂ ನಿನ್ನಿಂದನ ಬಂದೈತಿ. ಅಪ್ಪನ ಕಡಿಂದ ಒಂದೂ ಬಂದಿಲ್ಲ. ನಾ ಇವತ್ತು ಕುಂತು ಉಸಿರಾಡಾಕತ್ತೇನಲ್ಲ, ಅದೆಲ್ಲಾ ನಿಂದು."

"ಅವರ ಕಡಿಂದ ಒಂದೂ ಇಲ್ಲೇನು?"

"ಒಂದೂ ಇಲ್ಲ."

ಅವ್ವ ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಹಾಕಿದಳು. "ನಿಮ್ಮ ಅಜ್ಜಿ ಇರಬೇಕಾಗಿತ್ತು ಇದನ್ನ ಕೇಳಾಕ," ಎಂದು ಹೇಳಿ, ತುಟಿ ಬಿಗಿಹಿಡಿದು ನಗು ತಡೆದುಕೊಂಡಳು. ಅಪ್ಪನ ತಾಯಿಯ ವಿಷಯದಲ್ಲಿ ಅವ್ವ ಅಷ್ಟು ಧೈರ್ಯ ತೋರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಾಸಿ ಮಾಡುವ ಔಷಧ ಇದಕ್ಕೆ ಇಲ್ಲ. ಕೆಲವು ವಿಟಮಿನ್ನುಗಳು, ಹೊಟ್ಟೆ ಖಾಲಿ ಬಿಡದೆ ಆಗಾಗ ಊಟ, ಹದವರಿತ ವ್ಯಾಯಾಮ. ನನಗೆ ವ್ಯಾಯಾಮ ಹೇಳಿಕೊಟ್ಟ ಫಿಸಿಯೊಥೆರಪಿಸ್ಟ್ ದೊಡ್ಡ ಮೈಯ, ದೊಡ್ಡ ನಗುವಿನ ಹೆಂಗಸು. ದಣಿವಾಗುವ ಮೊದಲೇ ನಿಲ್ಲಿಸಬೇಕು, ಅದೇ ನಿನ್ನ ಗೆಲುವು ಎನ್ನುತ್ತಿದ್ದಳು. ನಿಲ್ಲಿಸಿದ್ದಕ್ಕೆ ಶಹಭಾಸ್ ಎನ್ನುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಿಧಾನವಾಗಿ, ಬಹಳ ನಿಧಾನವಾಗಿ, ನಮ್ಮ ಬೀದಿಯ ತುದಿ ದಾಟಿ ಹೋಗಿ ಬರುವಷ್ಟಾದೆ. ಕಚೇರಿಯವರು ವಾರದಲ್ಲಿ ಹೆಚ್ಚಿನ ದಿನ ಮನೆಯಿಂದಲೇ ಕೆಲಸ ಮಾಡಲು ಒಪ್ಪಿದರು.

ಅವ್ವನ ಪರೀಕ್ಷೆಯಲ್ಲೂ ಅದೇ ದೋಷ ಸಿಕ್ಕಿತು. ಸೋಮವಾರದ ಉಪವಾಸ ಬಿಡಬೇಕೆಂದಾಗ ಮಾತ್ರ ಅವಳು ಒಂದು ದಿನ ಪೂರ್ತಿ ಮುಖ ಊದಿಸಿಕೊಂಡಿದ್ದಳು. ಆಮೇಲೆ ದೇವರ ಮುಂದೆ ನಿಂತು ಏನೋ ಮಾತಾಡಿ ಬಂದು, "ಹೇಳೇನಿ. ಡಾಕ್ಟರ್ ಬ್ಯಾಡ ಅಂದಾರ ಅಂತ ಹೇಳೇನಿ," ಎಂದು ಉಪ್ಪಿಟ್ಟಿನ ತಟ್ಟೆ ಎಳೆದುಕೊಂಡಳು. ಕನ್ನಡಕದ ಅಂಗಡಿಯ ಆ ವೈದ್ಯೆ ನಮ್ಮಿಬ್ಬರಿಗೂ ಚೌಕಟ್ಟಿನ ಒಳಗಡೆ ಸಣ್ಣ ತಂತಿ ಕೂರಿಸಿದ ಕನ್ನಡಕ ಮಾಡಿಸಿಕೊಟ್ಟರು. ಆ ತಂತಿ ರೆಪ್ಪೆಯನ್ನು ಮೆಲ್ಲಗೆ ಎತ್ತಿ ಹಿಡಿಯುತ್ತದೆ. ಹಾಕಿಕೊಂಡು ಅಂಗಡಿಯಿಂದ ಹೊರಬಂದ ಅವ್ವ ಪಾರ್ಕಿಂಗ್ ಲಾಟಿನಲ್ಲಿ ನಿಂತು, ಅಂಗಡಿಗಳ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಓದಿದಳು, ಗದ್ದ ಎತ್ತದೆ.

ಮಗಳು ತಾನೂ ಪರೀಕ್ಷೆ ಮಾಡಿಸಿಕೊಂಡಳು. ಮಾಡಿಸು ಎಂದು ನಾನಾಗಲಿ ಅವಳಪ್ಪನಾಗಲಿ ಹೇಳಲಿಲ್ಲ. "ಅಮ್ಮಾ, ಐ ವಾಂಟ್ ಟು ನೋ. ಇಟ್ಸ್ ಮೈನ್ ಟೂ," ಎಂದಳು. ಅವಳಲ್ಲಿ ಕೆಟ್ಟವುಗಳ ಪಾಲು ಬಹಳ ಕಡಿಮೆ. ತೊಂದರೆ ಆಗಲೂಬಹುದು, ಎಂದೂ ಆಗದೆಯೂ ಇರಬಹುದು ಎಂದು ವೈದ್ಯರು ಹೇಳಿದರು. ಸದ್ಯ ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಾಳೆ. ಅದನ್ನು ನೋಡುವಾಗ ನನಗೆ ಹೆದರಿಕೆ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಏನಾದರೂ ಆದರೆ ಅವಳು ಅದನ್ನು ಸೋಮಾರಿತನ ಎಂದುಕೊಳ್ಳುವುದಿಲ್ಲ. ನನಗೆ ಅಷ್ಟು ಸಾಕು.

ಅವ್ವ ಊರಿಗೆ ಹೊರಡುವ ಮೊದಲು ಒಂದು ಬೆಳಿಗ್ಗೆ ಗದಗಿನಲ್ಲಿರುವ ತನ್ನ ತಂಗಿಗೆ ವಿಡಿಯೊ ಕಾಲ್ ಮಾಡಿಸಿದಳು. ನನ್ನ ಚಿಕ್ಕಮ್ಮ ಮಗನ ಮನೆಯಲ್ಲಿ ಮಹಡಿಯ ಮೇಲಿನ ಕೋಣೆಯಲ್ಲಿ ಇರುತ್ತಾಳೆ. ತೆರೆಯ ಮೇಲೆ ಬಂದ ಮುಖದಲ್ಲಿ ಅದೇ ಇಳಿದ ರೆಪ್ಪೆ, ಅದೇ ಎತ್ತಿದ ಗದ್ದ. ನಾನು ಅದನ್ನು ಎಷ್ಟು ಸಲ ನೋಡಿದ್ದೆ, ಚಿಕ್ಕಮ್ಮ ಇರುವುದೇ ಹಾಗೆ ಎಂದುಕೊಂಡಿದ್ದೆ.

"ತಂಗಿ, ಮ್ಯಾಲ ಹತ್ತುವಾಗ ನಡುವ ನಿಂದರತಿಯೇನ ನೀ?" ಎಂದು ಅವ್ವ ಕ್ಷೇಮಸಮಾಚಾರ ಕೂಡ ಕೇಳದೆ ಶುರುಮಾಡಿದಳು.

"ನಿಂದರತೇನಿ. ಅದಕ್ಕೇನಾತು? ವಯಸ್ಸಾತಲ್ಲ."

"ವಯಸ್ಸಲ್ಲ ಅದು. ನಮ್ಮವ್ವನಿಂದ ಬಂದೈತಿ ನಮಗ. ಉಸಿರಿನ್ಯಾಗಿಂದು." ಅವ್ವ ಕೊಡಗಳ ಸಾಲಿನಿಂದ ಹಿಡಿದು ಚಕ್ರದವರೆಗೆ ಎಲ್ಲವನ್ನೂ ಹೇಳಿದಳು. ಪ್ರೋಟಾನುಗಳ ಹತ್ತಿರ ಒಂದಿಷ್ಟು ತಡವರಿಸಿದಳು, ಆದರೂ ನನ್ನ ಮಗಳಿಗಿಂತ ಚೆನ್ನಾಗಿಯೇ ಹೇಳಿದಳು. ಮೂವತ್ತು ಚಿಲ್ಲರೆ ವರ್ಷ ಪಾಠ ಮಾಡಿದವಳಲ್ಲವೇ. ಹುಬ್ಬಳ್ಳಿಯಲ್ಲಿ ಯಾವ ಡಾಕ್ಟರಿಗೆ ತೋರಿಸಬೇಕೆಂದು ನಾನು ಸೇರಿಸಿದೆ.

ಚಿಕ್ಕಮ್ಮ ಫೋನನ್ನು ಮುಖದ ಹತ್ತಿರ ತಂದಳು. "ಅಕ್ಕಾ, ಖರೇನ? ನಾನೂ ಮೈಗಳ್ಳಿ ಅಲ್ಲೇನು?"

"ಅಲ್ಲ. ನಾವ್ಯಾರೂ ಅಲ್ಲ."

ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಫೋನನ್ನು ಹಾಗೇ ಹಾಸಿಗೆಯ ಮೇಲಿಟ್ಟು, ಮನೆಯಿಡೀ ಕೇಳುವಂತೆ ಕೂಗಿದಳು. "ಏ, ಯಾರ ಅದೀರಿ ಅಲ್ಲೆ? ನನ್ನ ಮಂಚ ಕೆಳಗ ಇಳಸ್ರಿ. ಇವತ್ತಿಂದ ನಾ ಮ್ಯಾಲ ಹತ್ತಂಗಿಲ್ಲ!"

ಕಾಲ್ ಕಟ್ ಮಾಡುವುದು ಅವಳಿಗೂ ನೆನಪಾಗಲಿಲ್ಲ, ನಮಗೂ ಆಗಲಿಲ್ಲ. ತೆರೆಯ ಮೇಲೆ ಗದಗಿನ ಆ ಕೋಣೆಯ ಚಾವಣಿ, ತಿರುಗುತ್ತಿದ್ದ ಫ್ಯಾನು. ಯಾರೋ ಬಂದರು, ಯಾಕೆ ಏನು ಎಂದು ಕೇಳಿದರು, ಚಿಕ್ಕಮ್ಮ ಜೋರಾಗಿ ಉತ್ತರ ಕೊಟ್ಟಳು. ಸ್ವಲ್ಪ ಹೊತ್ತಿಗೆ ಮಂಚ ಎಳೆಯುವ ಸದ್ದು ಕೇಳಿಸಿತು. ಅವ್ವ ಚಹಾದ ಕಪ್ ಹಿಡಿದು, ಆ ಸದ್ದು ಮುಗಿಯುವವರೆಗೂ ಕೂತು ಕೇಳಿದಳು.